ಗಾಜಿನ ಜಾಡಿಯೊಳಗಿನ ಆಕಾಶ

ಒಂಬತ್ತನೇ ಕ್ಲಾಸಿನಲ್ಲಿ ನಮಗೆಲ್ಲ ಆಕಾಶದ ಹುಚ್ಚು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ರಾಕೆಟ್ಟು, ಬೆಂಚಿನ ಮೇಲೂ ರಾಕೆಟ್ಟು. ಗಗನಯಾತ್ರಿಗಳು ಅಷ್ಟು ದಪ್ಪ ಉಡುಪು ಯಾಕೆ ಹಾಕ್ಕೊಳ್ತಾರೆ ಅಂತ ಸೈನ್ಸ್ ಟೀಚರ್ ಒಂದು ದಿನ ಕೇಳಿದರು. "ಉಸಿರಾಡೋಕೆ ಟೀಚರ್" ಅಂದೆವು ಎಲ್ಲರೂ. ಅವರು ಮಾತಾಡಲಿಲ್ಲ. ಲ್ಯಾಬಿಗೆ ಕರೆದುಕೊಂಡು ಹೋದರು.

ಮೇಜಿನ ಮೇಲೆ ಬೆಲ್ ಜಾರ್ ಇತ್ತು, ಗಂಟೆಯಾಕಾರದ ಗಾಜಿನ ಜಾಡಿ. ಪಕ್ಕದಲ್ಲಿ ಒಂದು ಬೀಕರ್ ನೀರು. "ಬೆರಳು ಅದ್ದಿ ನೋಡು" ಅಂದರು ನನಗೆ. ನಮ್ಮ ಮೈಯಷ್ಟೇ ಬೆಚ್ಚಗಿತ್ತು. ಬೀಕರನ್ನೂ, ಚೂರೇ ಗಾಳಿ ತುಂಬಿ ಬಾಯಿ ಕಟ್ಟಿದ್ದ ಒಂದು ಬಲೂನನ್ನೂ ಒಳಗಿಟ್ಟು, ಜಾಡಿಯ ಗಾಳಿಯನ್ನು ಹೊರಗೆಳೆಯೋ ಪಂಪ್ ಶುರು ಮಾಡಿದರು. ಮೊದಲು ಸುಕ್ಕುಗಟ್ಟಿದ್ದ ಬಲೂನು ಎದ್ದು ಕೂತಿತು. ಯಾರೂ ಊದದೆ ಉಬ್ಬುತ್ತಾ ಹೋಯಿತು. ಆಮೇಲೆ ಬೀಕರಿನಲ್ಲಿ ಒಂದೊಂದೇ ಗುಳ್ಳೆ. ನೋಡನೋಡುತ್ತಿದ್ದಂತೆ ನೀರು ಕೊತಕೊತ ಕುದಿಯಿತು. ಕೆಳಗೆ ಬೆಂಕಿಯೇ ಇಲ್ಲ! ಪಂಪ್ ನಿಲ್ಲಿಸಿ, ಮತ್ತೆ ಬೆರಳು ಅದ್ದು ಅಂದರು. ಹೆದರುತ್ತಲೇ ಅದ್ದಿದೆ. ಮೊದಲಿಗಿಂತ ತಣ್ಣಗಿತ್ತು.

"ಸುಮಾರು 19 ಕಿಲೋಮೀಟರ್ ಮೇಲೆ ಗಾಳಿಯ ಒತ್ತಡ ಇಷ್ಟಕ್ಕೆ ಇಳಿಯುತ್ತೆ. ಬಾಯೊಳಗಿನ ಎಂಜಲೂ ಹೀಗೇ ಕುದಿಯುತ್ತೆ. ಬರೀ ಆಕ್ಸಿಜನ್ ಸಾಲದು, ಮೈಯನ್ನು ಸುತ್ತಲೂ ಒತ್ತಿ ಹಿಡಿಯೋ ಉಡುಪು ಬೇಕು" ಅಂದರು. ಬಾಹ್ಯಾಕಾಶ 100 ಕಿಲೋಮೀಟರಿಗೆ ಶುರು ಅಂತ ಓದಿದ್ದೆವು. ನಮ್ಮ ಮೈಗೆ ಅದು 19ಕ್ಕೇ ಶುರು!

ಆಗಲೇ ಅವರು ಜೋ ಕಿಟ್ಟಿಂಜರ್ ಕಥೆ ಹೇಳಿದ್ದು. ಅಮೆರಿಕದ ವಾಯುಪಡೆಯವರು. 1960ರ ಆಗಸ್ಟ್‌ನಲ್ಲಿ ಹೀಲಿಯಂ ಬಲೂನಿಗೆ ಕಟ್ಟಿದ ತೆರೆದ ತೊಟ್ಟಿಲಲ್ಲಿ 31 ಕಿಲೋಮೀಟರ್ ಮೇಲೇರಿದರು. ಏರುವಾಗಲೇ ಬಲಗೈ ಗವಸಿನಲ್ಲಿ ಒತ್ತಡ ಇಲ್ಲ ಅಂತ ಗೊತ್ತಾಯಿತು. ಹೇಳಿದರೆ ಕೆಳಗಿಳಿಸುತ್ತಾರೆ ಅಂತ ಸುಮ್ಮನಿದ್ದರು. ಕೈ ಎರಡರಷ್ಟು ಊದಿಕೊಂಡಿತು. ಆ ಕೈಯಲ್ಲೇ ಧುಮುಕಿ 4 ನಿಮಿಷ 36 ಸೆಕೆಂಡು ಬೀಳುತ್ತಾ ಬಂದರು, ಆಮೇಲೆ ದೊಡ್ಡ ಪ್ಯಾರಾಚೂಟ್ ಬಿಚ್ಚಿಕೊಂಡಿತು. ನೆಲಕ್ಕೆ ಬಂದ ಕೆಲವು ಗಂಟೆಗಳಲ್ಲಿ ಕೈ ಸರಿಹೋಯಿತು.

ನಾವೆಲ್ಲ ನಮ್ಮ ನಮ್ಮ ಬಲಗೈ ನೋಡಿಕೊಂಡೆವು. ಅವರು ಹೇಳಬೇಕಿತ್ತಾ, ಬೇಡವಾ? ಕ್ಲಾಸು ಎರಡು ಪಾಲಾಯಿತು. ಬೆಲ್ ಹೊಡೆದರೂ ಜಗಳ ನಿಲ್ಲಲಿಲ್ಲ. ಕೊನೆಗೆ ಟೀಚರ್ ಅಂದರು: "ಧೈರ್ಯ ದೊಡ್ಡದು ಕಣ್ರೋ. ಆದರೆ ಹೊರಡೋ ಮುಂಚೆ ಗವಸು ನೋಡ್ಕೋಬೇಕು, ಅಲ್ವಾ?"

2012ರ ಅಕ್ಟೋಬರ್ 14ರಂದು ಆಸ್ಟ್ರಿಯಾದ ಸ್ಕೈಡೈವರ್ ಫೆಲಿಕ್ಸ್ ಬೌಮ್‌ಗಾರ್ಟ್‌ನರ್ ಸುಮಾರು 39 ಕಿಲೋಮೀಟರ್ ಎತ್ತರದಿಂದ ಧುಮುಕಿ, ಶಬ್ದಕ್ಕಿಂತ ಜೋರಾಗಿ ಬಿದ್ದದ್ದನ್ನು ಲೈವ್ ಆಗಿ ನೋಡಿದೆ. ಬಲೂನಿಗೆ ಕಟ್ಟಿದ ಕ್ಯಾಪ್ಸೂಲಿನ ಬಾಗಿಲು ತೆರೆಯುವ ಮುಂಚೆ ನೆಲದಿಂದ ಒಬ್ಬ ಮುದುಕರ ದನಿ ಒಂದೊಂದೇ ಹೆಜ್ಜೆ ಓದಿ ಹೇಳುತ್ತಿತ್ತು. ನಿಧಾನಕ್ಕೆ, ಆತುರವಿಲ್ಲದೆ. ಅದು ಕಿಟ್ಟಿಂಜರ್ ದನಿ. ಆಗ ಅವರಿಗೆ 84 ವರ್ಷ. ನನ್ನ ಮೈ ಜುಮ್ ಅಂದಿತು.

ಮಾರನೇ ದಿನ ಟೀಚರ್‌ಗೆ ಫೋನ್ ಮಾಡಿದೆ. ಅವರೂ ನೋಡಿದ್ದರು. ನಾನು ವೇಗ, ಎತ್ತರ ಅಂತ ಒಂದೇ ಸಮ ಹೇಳುತ್ತಿದ್ದೆ. ಅವರು ನಡುವೆ ಮಾತು ತಡೆದು ಕೇಳಿದರು: "ಈ ಸಲ ಗವಸು ಸರಿ ಇತ್ತೇನೋ?"