ಹಿತ್ತಿಲ ಗೆರೆ ಮತ್ತು ಸೆವೆನ್ ಐರನ್

ಮೈಸೂರು, ಭಾನುವಾರ, 16 ಫೆಬ್ರವರಿ 2025

ಇಂದು ಬೆಳಿಗ್ಗೆ ಮೊದಲ ಬಾರಿಗೆ ಅಭ್ಯಾಸದ ಕೃತಕ ಹುಲ್ಲಿನ ಮ್ಯಾಟ್ ಬಿಟ್ಟು ನಿಜವಾದ ಹುಲ್ಲಿನ ಮೇಲಿಂದ ಗಾಲ್ಫ್ ಚೆಂಡು ಹೊಡೆದೆ. ಹದಿನೈದು ಚೆಂಡುಗಳಲ್ಲಿ ನಾಲ್ಕು ಸರಿಯಾಗಿ ಹೋದವು. ಉಳಿದವುಗಳಲ್ಲಿ ಕೆಲವು ಹತ್ತು ಮಾರು ದೂರವನ್ನೂ ದಾಟಲಿಲ್ಲ. ಆದರೂ ಗಾಲ್ಫ್ ಕಲಿಯಲು ತೊಡಗಿದ ಈ ಮೂರು ತಿಂಗಳಲ್ಲಿ ಇಷ್ಟು ಸಮಾಧಾನದಿಂದ ಮನೆಗೆ ಬಂದ ದಿನ ಇನ್ನೊಂದಿಲ್ಲವಾದ್ದರಿಂದ, ನಾಳೆಯ ತರಗತಿಗೆ ಟಿಪ್ಪಣಿ ಮಾಡಿಕೊಳ್ಳುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನಂಥ ಕಾಲೇಜು ಉಪನ್ಯಾಸಕಿಗೆ ಈ ಆಟದ ಹುಚ್ಚು ಹಿಡಿಯಲು ಕಾರಣ 2021ರ ಆಗಸ್ಟ್ 7ರ ಬೆಳಗು. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಅಂಚಿನಲ್ಲಿದ್ದಾರೆಂದು ತಿಳಿದು, ಬರ್ಡಿಗೂ ಬೋಗಿಗೂ ವ್ಯತ್ಯಾಸ ಗೊತ್ತಿಲ್ಲದ ನಾನು ಮತ್ತು ಅಮ್ಮ ಕಾಫಿ ಲೋಟ ಹಿಡಿದು ಟಿವಿಯ ಮುಂದೆ ಕುಳಿತಿದ್ದೆವು. ಒಂದೇ ಒಂದು ಹೊಡೆತದ ಅಂತರದಲ್ಲಿ ಅವರು ನಾಲ್ಕನೆಯವರಾದರು. ದೂರ ಹೊಡೆಯುವುದರಲ್ಲಿ ಅವರು ಉಳಿದವರಿಗಿಂತ ತೀರ ಹಿಂದಿದ್ದರೂ ಕೊನೆಯವರೆಗೆ ಪೈಪೋಟಿಯಲ್ಲಿ ಉಳಿದಿದ್ದರೆಂಬುದು ಅಂದೇ ಮನಸ್ಸಿನಲ್ಲಿ ನಿಂತಿತು. ನಿಂತಿತೇ ಹೊರತು, ಕ್ಲಬ್ (ಚೆಂಡು ಹೊಡೆಯುವ ಕೋಲು) ಕೈಗೆ ಬಂದ ಮೇಲೆ ನಾನೂ ಎಲ್ಲರಂತೆ ದೂರದ ಹಿಂದೆಯೇ ಓಡಿದೆ.

ಕಳೆದ ನವೆಂಬರ್‌ನಲ್ಲಿ ಗಾಲ್ಫ್ ಅಭ್ಯಾಸದ ಮೈದಾನವಾದ ರೇಂಜ್‌ಗೆ ಸೇರಿದಾಗ ನನ್ನ ಬಳಿ ಇದ್ದದ್ದು ಪರಿಚಿತರೊಬ್ಬರು ಕೊಟ್ಟ ಹಳೆಯ ಸೆವೆನ್ ಐರನ್ (ಮಧ್ಯಮ ದೂರಕ್ಕೆ ಬಳಸುವ, ಲೋಹದ ತಲೆಯ ಕ್ಲಬ್) ಒಂದೇ. ನಿಯಮದ ಪ್ರಕಾರ ಆಟಗಾರರೊಬ್ಬರು 14 ಕ್ಲಬ್‌ಗಳನ್ನು ಚೀಲದಲ್ಲಿ ಇಟ್ಟುಕೊಳ್ಳಬಹುದು. ಕೋಚ್ ಮಾತ್ರ, "ಮೇಡಂ, ಇದೊಂದು ನಿಮ್ಮ ಮಾತು ಕೇಳೋ ಹಾಗಾದ ಮೇಲೆ ಎರಡನೇದರ ಯೋಚನೆ ಮಾಡೋಣ" ಎಂದರು. ಅವರು ಚಿಕ್ಕಂದಿನಲ್ಲಿ ಕ್ಯಾಡಿಯಾಗಿ, ಅಂದರೆ ಆಟಗಾರರ ಚೀಲ ಹೊರುವವರಾಗಿ, ದುಡಿದು, ಆಡುವವರ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಆಟ ಕಲಿತವರು. ಅರವತ್ತು ದಾಟಿದ ಮೇಲೂ ಚೆಂಡು ಹೊರಟ ಶಬ್ದ ಕೇಳಿಯೇ ತಪ್ಪು ಹೇಳಬಲ್ಲರು.

ಮ್ಯಾಟ್ ಮೇಲೆ ನನ್ನ ಪ್ರಗತಿ ಬಹಳ ಚೆನ್ನಾಗಿತ್ತು. ಡಿಸೆಂಬರ್ ಮುಗಿಯುವಷ್ಟರಲ್ಲಿ ಬಕೆಟ್‌ನ ಐವತ್ತು ಚೆಂಡುಗಳಲ್ಲಿ ಮೂವತ್ತಾದರೂ ಗಾಳಿಗೇರಿ ಹೋಗುತ್ತಿದ್ದವು, ಅದರಲ್ಲಿ ಹೆಚ್ಚಿನವು ಬಲಕ್ಕೆ ಬಾಗುತ್ತಿದ್ದವು ಎಂಬುದನ್ನು ಬಿಟ್ಟರೆ. ಈ ಬಲಕ್ಕೆ ಬಾಗುವುದನ್ನು ಸ್ಲೈಸ್ ಎನ್ನುತ್ತಾರೆ. ಚೆಂಡು ಮೊದಲು ಯಾವ ದಿಕ್ಕಿಗೆ ಹೊರಡುತ್ತದೆಂಬುದನ್ನು ಬಹುಪಾಲು ಕ್ಲಬ್‌ನ ಮುಖ (ಚೆಂಡಿಗೆ ತಾಗುವ ಚಪ್ಪಟೆ ಭಾಗ) ನಿರ್ಧರಿಸುತ್ತದೆ, ಆಮೇಲೆ ಅದು ಎತ್ತ ಬಾಗುತ್ತದೆಂಬುದನ್ನು ಆ ಮುಖಕ್ಕೂ ಕ್ಲಬ್ ಬೀಸಿ ಬರುವ ಹಾದಿಗೂ ಇರುವ ಕೋನ ನಿರ್ಧರಿಸುತ್ತದೆ. ಹೊರಗಿನಿಂದ ಒಳಕ್ಕೆ ಎಳೆದಂತೆ ಬೀಸಿ, ಆ ಹಾದಿಗೆ ಹೋಲಿಸಿದರೆ ಮುಖವನ್ನು ತೆರೆದೇ ಬಿಟ್ಟರೆ, ಬಲಗೈಯವರ ಚೆಂಡು ಬಲಕ್ಕೆ ಬಾಗದೆ ಬೇರೆ ದಾರಿಯಿಲ್ಲ. ಭೌತಶಾಸ್ತ್ರ ಹೇಳಿಕೊಡುವ ನಾನು ಇದನ್ನು ಕಪ್ಪುಹಲಗೆಯ ಮೇಲೆ ಎರಡು ಬಾಣದ ಗುರುತಿನಲ್ಲಿ ವಿವರಿಸಬಲ್ಲೆ. ಕೈಗಳಿಗೆ ವಿವರಿಸಲಾರೆ.

ಜನವರಿಯ ಕೊನೆಯ ವಾರದಲ್ಲಿ ಕೋಚ್ ಒಂದು ದಿನ ತಮ್ಮ ಹೆಗಲ ಮೇಲಿದ್ದ ಟವಲನ್ನು ಮಡಿಸಿ, ಚೆಂಡಿಗಿಂತ ಒಂದು ಗೇಣು ಹಿಂದೆ ಮ್ಯಾಟ್ ಮೇಲೆ ಹಾಸಿ, "ಈಗ ಹೊಡೀರಿ, ಟವಲ್ ತಾಗಬಾರದು" ಎಂದರು. ಹತ್ತು ಸಲ ಬೀಸಿದ್ದರಲ್ಲಿ ಒಂಬತ್ತು ಸಲ ಟವಲು ಚೆಂಡಿಗಿಂತ ಮೊದಲು ಹಾರಿತು. ಆಗ ಅವರು ಹೇಳಿದ ಮಾತು: "ಇಷ್ಟು ದಿನ ಮ್ಯಾಟು ನಿಮಗೆ ಸುಳ್ಳು ಹೇಳ್ತಾ ಇತ್ತು ಮೇಡಂ."

ವಿಷಯ ಇಷ್ಟೇ. ಬೀಸಿದ ಕ್ಲಬ್‌ನ ತಲೆ ಒಂದು ಕಮಾನಿನಲ್ಲಿ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಐರನ್ ಹೊಡೆತದಲ್ಲಿ ಆ ಕಮಾನಿನ ತೀರ ಕೆಳಗಿನ ಬಿಂದು ಚೆಂಡಿನಿಂದ ಕೆಲವು ಅಂಗುಲ ಮುಂದೆ ಇರಬೇಕು. ಅಂದರೆ ಮೊದಲು ಚೆಂಡು, ಆಮೇಲೆ ನೆಲ. ನನ್ನದು ಹಿಂದೆ ಇತ್ತು. ಕೆಳಗೆ ಗಟ್ಟಿ ನೆಲವಿರುವ ಮ್ಯಾಟ್‌ನಲ್ಲಿ ಕ್ಲಬ್ ಹಿಂದೆಯೇ ತಾಗಿದರೂ ಹೂತುಕೊಳ್ಳದೆ ಜಾರಿಕೊಂಡು ಹೋಗಿ ಚೆಂಡನ್ನು ಮುಟ್ಟುತ್ತದೆ, ಚೆಂಡೂ ಒಂದು ಮಟ್ಟಿಗೆ ಹಾರುತ್ತದೆ. ಅದೇ ಹೊಡೆತ ಹುಲ್ಲಿನ ಮೇಲಾದರೆ ಕ್ಲಬ್ ಮಣ್ಣಿಗೆ ಕಚ್ಚಿಕೊಂಡು ಅಲ್ಲೇ ಸೋಲುತ್ತದೆ.

ಹಿಂದೆ ತಾಗಲು ಕಾರಣ, ಚೆಂಡನ್ನು ನಾನೇ ಎತ್ತಿ ಕಳಿಸಬೇಕೆಂಬ ಆತುರ. ಸೆವೆನ್ ಐರನ್‌ನ ಮುಖ ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ಹಿಂದಕ್ಕೆ ವಾಲಿಕೊಂಡೇ ಇರುತ್ತದೆ. ಎತ್ತುವ ಕೆಲಸವನ್ನು ಆ ಓರೆ ಮತ್ತು ಚೆಂಡಿಗೆ ಸಿಗುವ ಹಿಂದುರುಳು (ಬ್ಯಾಕ್‌ಸ್ಪಿನ್) ಸೇರಿ ಮಾಡುತ್ತವೆ. ನಾನು ಅವನ್ನು ನಂಬದೆ ಕೊನೆಯ ಕ್ಷಣದಲ್ಲಿ ಬಲಗಾಲಿನ ಮೇಲೆ ಹಿಂದಕ್ಕೆ ವಾಲಿ, ಮಣಿಕಟ್ಟನ್ನು ಸೌಟಿನಂತೆ ತಿರುಗಿಸಿ ಮೊಗೆಯುತ್ತಿದ್ದೆ. ಕೆಳಗಿಳಿಯುವ ಸ್ವಿಂಗ್ ಸುಮಾರು ಕಾಲು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಚೆಂಡಿಗೂ ಕ್ಲಬ್‌ಗೂ ಇರುವ ಸ್ಪರ್ಶವಂತೂ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು. ಅಷ್ಟರೊಳಗೆ ಯೋಚಿಸಿ ತಿದ್ದಿಕೊಳ್ಳುವುದು ಯಾರಿಂದಲೂ ಆಗದು. ತಿದ್ದುವುದಿದ್ದರೆ ಅಭ್ಯಾಸದಲ್ಲೇ ತಿದ್ದಬೇಕು.

ಅದಕ್ಕಾಗಿ ಕೋಚ್ ಹೇಳಿದ್ದು ಚೆಂಡಿಲ್ಲದ ಪಾಠ. ನಮ್ಮ ಮನೆಯ ಹಿತ್ತಿಲಿನಲ್ಲಿ, ತೆಂಗಿನ ಮರಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ, ಒಂದಿಷ್ಟು ಬರಿಮಣ್ಣಿನ ಜಾಗವಿದೆ. ಅಲ್ಲಿ ರಂಗೋಲಿ ಪುಡಿಯಿಂದ ಒಂದು ನೇರ ಗೆರೆ ಎಳೆದು, ಗೆರೆಯೇ ಚೆಂಡೆಂದು ಭಾವಿಸಿ ಅದರ ಉದ್ದಕ್ಕೂ ಸರಿಯುತ್ತ ಇಪ್ಪತ್ತು ಸಲ ಬೀಸುವುದು, ಆಮೇಲೆ ಮಣ್ಣು ಎಲ್ಲಿ ಕೆದರಿದೆಯೆಂದು ಬಗ್ಗಿ ನೋಡುವುದು. ಮೊದಲ ದಿನ ಅಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದರು: "ಏನೇ ಇದು, ಬಾಗಿಲಿಗೆ ಹಾಕೋ ಪುಡೀನ ತಂದು ಹಿತ್ತಿಲಿಗೆ ಸುರೀತಿದ್ದೀಯಲ್ಲ!" ಆ ದಿನ ಇಪ್ಪತ್ತರಲ್ಲಿ ಮೂರು ಗಾಯಗಳು ಮಾತ್ರ ಗೆರೆಯ ಮುಂದಿದ್ದವು. ಉಳಿದ ಹದಿನೇಳೂ ಗೆರೆಗಿಂತ ಅರ್ಧ ಗೇಣು ಹಿಂದೆ, ಕೋಳಿ ಕೆದಕಿದಂತೆ ಕಾಣುತ್ತಿದ್ದವು.

ಈ ಅಭ್ಯಾಸದಲ್ಲಿ ನನಗೆ ಹಿಡಿಸಿದ್ದು ಅದರ ನಿಷ್ಠುರತೆ. ಫೋನಿನಲ್ಲಿ ವಿಡಿಯೊ ತೆಗೆದು ನೋಡಿದಾಗಲೆಲ್ಲ ನನ್ನ ಸ್ವಿಂಗ್‌ನಲ್ಲಿ ಹದಿನಾಲ್ಕು ತಪ್ಪು ಕಂಡು, ಮರುದಿನ ಹದಿನಾಲ್ಕನ್ನೂ ಒಟ್ಟಿಗೇ ತಿದ್ದಲು ಹೋಗಿ ಕ್ಲಬ್ ಹಿಡಿಯುವುದನ್ನೇ ಮರೆಯುತ್ತಿದ್ದೆ. ಮಣ್ಣಿನ ಗೆರೆ ಕೇಳುವುದು ಒಂದೇ ಪ್ರಶ್ನೆ: ಹಿಂದೆಯೋ, ಮುಂದೆಯೋ? ಉತ್ತರ ಮುಂದೆ ಬರಬೇಕಾದರೆ ಸೊಂಟ ಮೊದಲು ಗುರಿಯ ಕಡೆ ತಿರುಗಬೇಕು, ಭಾರ ಎಡಗಾಲಿಗೆ ಹೋಗಬೇಕು, ಬೀಸಿ ಮುಗಿಸಿದಾಗ ಬಲ ಹಿಮ್ಮಡಿ ನೆಲ ಬಿಟ್ಟು ಎದ್ದಿರಬೇಕು. ಯಾರೂ ಹೇಳದೆಯೇ ಒಂದು ವಾರದಲ್ಲಿ ಇವು ತಾವಾಗಿ ಬರತೊಡಗಿದವು. ಇಪ್ಪತ್ತಕ್ಕೆ ಮೂರಿದ್ದದ್ದು ಏಳಾಯಿತು, ಮೊನ್ನೆ ಶುಕ್ರವಾರ ಹನ್ನೊಂದಾಯಿತು.

ಗ್ರಿಪ್‌ನ ಸಂಗತಿ ಹೊರಬಿದ್ದದ್ದು ಗ್ಲೌಸ್‌ನಿಂದ. ಮೂರೇ ತಿಂಗಳಲ್ಲಿ ಎಡಗೈ ಗ್ಲೌಸ್ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕೆಳಗಿನ ದಪ್ಪ ಭಾಗದಲ್ಲಿ, ಹುಣಸೆಬೀಜದಷ್ಟು ತೂತು ಬಿದ್ದಿತ್ತು. ಗಿರಾಕಿಗೆ ಕಳಪೆ ಮಾಲು ಕೊಟ್ಟರೆಂದು ನಾನು ಗೊಣಗುತ್ತಿದ್ದಾಗ ಕೋಚ್ ಅದನ್ನು ತಿರುಗಿಸಿ ನೋಡಿ, ಕ್ಲಬ್ಬನ್ನು ಬೆರಳುಗಳಲ್ಲಿ ಹಿಡಿಯದೆ ಅಂಗೈಯಲ್ಲಿ ಅಮುಕಿ ಹಿಡಿದು, ಪ್ರತಿ ಸಲ ಮೇಲೆತ್ತುವಾಗ ಅದು ಒಳಗೇ ಹೊರಳಲು ಬಿಡುವವರ ಗ್ಲೌಸ್ ಅಲ್ಲೇ ಸವೆಯುತ್ತದೆಂದರು. ಅಂಗಡಿಯವನ ಮೇಲಿನ ಸಿಟ್ಟನ್ನು ಅಲ್ಲೇ ನುಂಗಿಕೊಂಡೆ. ಬೆರಳುಗಳ ಬುಡದ ಗೆರೆಯಲ್ಲಿ ಹಿಡಿದ ಮೇಲೆ ಮೊದಲ ಎರಡು ದಿನ ಕ್ಲಬ್ ಕೈತಪ್ಪಿ ಹಾರಿಹೋದೀತೆಂಬ ಭಯವಿತ್ತು. ಹಾರಲಿಲ್ಲ, ಸ್ಲೈಸ್ ಅರ್ಧಕ್ಕರ್ಧ ಇಳಿದದ್ದು ಮಾತ್ರ ಲಾಭ.

ಇಂದು ಏಳು ಗಂಟೆಗೆ ಕೋಚ್ ನನ್ನನ್ನು ರೇಂಜ್‌ನ ತುದಿಯ ಹುಲ್ಲಿನ ಪಟ್ಟಿಗೆ ಕರೆದೊಯ್ದರು. ಬೆಟ್ಟದ ಕಡೆ ಇನ್ನೂ ಮಂಜು ತಿಳಿಯಾಗಿರಲಿಲ್ಲ, ಇಬ್ಬನಿಗೆ ಬೂಟು ಒದ್ದೆಯಾಯಿತು. ಮೊದಲ ಎರಡು ಹೊಡೆತಕ್ಕೆ ಕ್ಲಬ್ ಚೆಂಡಿನ ಹಿಂದೆ ಹೂತು ಮೊಣಕೈವರೆಗೆ ಜುಮ್ಮೆಂದಿತು. ಮೂರನೆಯದು ಚೆಂಡಿನ ನೆತ್ತಿಗೆ ತಾಗಿ ಇಲಿಯಂತೆ ಹುಲ್ಲಿನಲ್ಲಿ ಓಡಿತು. ಕೋಚ್ ಏನೂ ಹೇಳದೆ ಬೆರಳಿನಿಂದ ಚೆಂಡಿನ ಮುಂದಿನ ಹುಲ್ಲನ್ನು ತೋರಿಸಿದರು. ಹಿತ್ತಿಲಿನ ಗೆರೆಯನ್ನು ಅಲ್ಲೇ ಊಹಿಸಿಕೊಂಡು ಬೀಸಿದೆ. ಹೊಡೆದ ಅನುಭವವೇ ಕೈಗೆ ಆಗಲಿಲ್ಲ. ಒಣಗಿದ ಕಡ್ಡಿ ಮುರಿದಂಥ ಒಂದು ಸಣ್ಣ ಶಬ್ದ, ಆಮೇಲೆ ಎದುರಿನ ಗಾಳಿಯಲ್ಲಿ ಚೆಂಡು ಏರುತ್ತಲೇ ಹೋಗಿ ನೂರು ಗಜದ ಫಲಕದ ಆಚೆ ಬಿತ್ತು. ಚೆಂಡಿದ್ದ ಜಾಗದ ಹುಲ್ಲು ಹಾಗೆಯೇ ಇತ್ತು. ಅದರ ಮುಂದೆ ದೋಸೆಯ ಚೂರಿನಷ್ಟು ಮಣ್ಣುಹೆಂಟೆ ಎದ್ದು ಎರಡು ಮಾರು ದೂರ ಮಗುಚಿಕೊಂಡಿತ್ತು.

ನಾನು ಚೆಂಡು ಬಿದ್ದ ಕಡೆಗೇ ನೋಡುತ್ತ ನಿಂತಿದ್ದೆ. ಕೋಚ್ ಆ ಹೆಂಟೆಯನ್ನು ಎತ್ತಿ ತಂದು ನನ್ನ ಕೈಗೆ ಕೊಟ್ಟು, "ಇದನ್ನ ಮೊದಲು ಅದರ ಜಾಗಕ್ಕೆ ಇಟ್ಟು ತುಳೀರಿ ಮೇಡಂ, ಆಮೇಲೆ ಮುಂದಿನ ಚೆಂಡು" ಎಂದರು. ತುಳಿದೆ. ಮುಂದಿನ ಚೆಂಡು ಮತ್ತೆ ಇಲಿಯಾಯಿತು.