ಹುಲ್ಲು ಹಿಂಡೋದು ಗೊತ್ತಾದ್ರೆ ಅಣಬೆ ಬಂದಂಗೆ

ಹೋದ ವಾರ ನಮ್ಮನೆ ಮೆಟ್ಟಿಲ ಕೆಳಗೆ ನೇತಾಕಿರೋ ಅಣಬೆ ಬ್ಯಾಗ್ ಫೋಟೋ ಸ್ಟೇಟಸ್‌ಗೆ ಹಾಕಿದ್ದೆ, ಅವತ್ತಿಂದ ದಿನಾ ಯಾರಾದ್ರೂ ಒಬ್ರು ಕೇಳ್ತಾನೇ ಇದಾರೆ, ಹೆಂಗೆ ಬೆಳೆದ್ರಿ, ಬಾಡಿಗೆ ಮನೇಲಿ ಆಗುತ್ತಾ, ವಾಸನೆ ಬರಲ್ವಾ ಅಂತ. ಎಲ್ರಿಗೂ ಸೇರಿಸಿ ಇಲ್ಲೇ ಬರ್ದ್ಬಿಡ್ತೀನಿ.

ನಾವಿರೋದು ಮೈಸೂರು ಕುವೆಂಪುನಗರದಲ್ಲಿ, ಊರು ಪಾಂಡವಪುರದ ಹತ್ರ. ಚಿಕ್ಕೋಳಿದ್ದಾಗ ರಾತ್ರಿ ಗುಡುಗು ಮಳೆ ಆದ್ರೆ ಬೆಳಿಗ್ಗೆ ಎದ್ದು ದೊಡ್ಡವ್ವನ ಹಿಂದೆ ಹುತ್ತದ ಹತ್ರ ಅಣಬೆ ಹುಡುಕ್ಕೊಂಡು ಓಡ್ತಿದ್ವಿ. ಆ ರುಚಿ ನಾಲಿಗೆ ಮೇಲೆ ಹಂಗೇ ಇದೆ. ಆದ್ರೆ ಹುತ್ತದ ಅಣಬೆ ಮನೇಲಿ ಬೆಳೆಯೋ ಆಸೆ ಬಿಟ್ಬಿಡಿ, ಅದು ಗೆದ್ದಲ ಜೊತೇಲೇ ಬದುಕೋದು, ಹುತ್ತದೊಳಗೆ ಗೆದ್ದಲೇ ಅದನ್ನ ಸಾಕ್ಕೊಂಡಿರುತ್ತೆ. ಅಂಗಡೀಲಿ ಡಬ್ಬೀಲಿ ಸಿಗೋ ಬಟನ್ ಅಣಬೇನೂ ಹೊಸಬರಿಗೆ ಬೇಡ, ಅದಕ್ಕೆ ಹದವಾಗಿ ಕೊಳೆಸಿದ ಕಾಂಪೋಸ್ಟ್ ಬೇಕು, ಅಣಬೆ ಬಿಡೋ ಹೊತ್ತಿಗೆ 15ರಿಂದ 18 ಡಿಗ್ರಿ ತಂಪು ಬೇಕು, ಏಸಿ ಇಲ್ದೆ ಎಲ್ಲಿಂದ ತರೋದು. ನಮಗೆ ಸರಿಯಾಗಿ ಹೊಂದೋದು ಚಿಪ್ಪಣಬೆ, ಆಯ್ಸ್ಟರ್ ಅಂತಾರಲ್ಲ ಅದು. 20ರಿಂದ 30 ಡಿಗ್ರಿ ಒಳಗೆ ಆರಾಮಾಗಿ ಬರುತ್ತೆ, ಮೈಸೂರು ಮಂಡ್ಯದ ಕಡೆ ಬೇಸಿಗೆ ಮೂರು ತಿಂಗಳು ಬಿಟ್ರೆ ವರ್ಷವೆಲ್ಲ ಹೆಚ್ಚುಕಮ್ಮಿ ಅದೇ ಹವೆ. ಅದೂ ಅಲ್ದೆ ಅದು ತಿನ್ನೋದು ಭತ್ತದ ಹುಲ್ಲು, ನಮ್ಮೂರಲ್ಲಿ ಹುಲ್ಲಿಗೇನು ಬರ.

ಮೊದಲನೇ ಸಲ ನಾಲ್ಕು ಬ್ಯಾಗ್ ಹಾಕಿದ್ದೆ, ನಾಲ್ಕೂ ಹೋದ್ವು. ಎಂಟನೇ ದಿನಕ್ಕೆ ಒಂದರ ತಳದಲ್ಲಿ ಪಾಚಿ ತರ ಹಸಿರು ಮಚ್ಚೆ, ಇನ್ನೆರಡು ದಿನಕ್ಕೆ ಎಲ್ಲದಕ್ಕೂ ಹಬ್ಬಿ ಹುಳಿ ವಾಸನೆ. ಟ್ರೈಕೋಡರ್ಮಾ ಅಂತ ಒಂದು ಬೂಸ್ಟು ಅದು, ಹೊಲದಲ್ಲಿ ಗಿಡದ ಬೇರು ಕಾಯೋಕೆ ಅದನ್ನೇ ತಂದು ಹಾಕ್ತಾರೆ, ಅಣಬೆ ಬ್ಯಾಗಿಗೆ ಮಾತ್ರ ಅದೇ ಶತ್ರು. ಬೀಜ ಸರಿ ಇಲ್ವೇನೋ, ಕೈ ತೊಳೆದಿದ್ದು ಸಾಲದೇನೋ ಅಂತ ಏನೇನೋ ಯೋಚ್ನೆ ಮಾಡಿ ಮಾಡಿ ಸಾಕಾಗಿತ್ತು. ಅಷ್ಟರಲ್ಲಿ ದೊಡ್ಡವ್ವ ಕಣ್ಣು ತೋರ್ಸೋಕೆ ಅಂತ ಊರಿಂದ ಬಂದ್ರು, ನಾನು ಎರಡನೇ ಸಲಕ್ಕೆ ನೆನೆಸಿಟ್ಟಿದ್ದ ಹುಲ್ಲನ್ನ ಒಂದು ಹಿಡಿ ತಗೊಂಡು ಹಿಂಡಿದ್ರು, ಬೆರಳ ಸಂದೀಲಿ ತೊಟ ತೊಟ ಅಂತ ನೀರು ಇಳೀತು. "ಮಳೆನೀರು ಇಳಿದ್ರೆ ಮೆದೆ ಒಳಗೆ ಹುಲ್ಲು ಕಾವು ಬಂದು ಕರ್‍ರಗಾಯ್ತದಲ್ಲ, ಇದೂ ಅಂಗೇ ಕಣವ್ವ, ಇಷ್ಟು ನೀರಿದ್ರೆ ಕೊಳೀದೆ ಇನ್ನೇನು ಮಾಡದು" ಅಂದ್ರು. ದೊಡ್ಡವ್ವ ಜೀವಮಾನದಲ್ಲಿ ಅಣಬೆ ಬೆಳೆದೋರಲ್ಲ. ಆದ್ರೆ ಐವತ್ತು ವರ್ಷ ದನ ಕಟ್ಟಿ ಮೆದೆ ಒಟ್ಟಿದ ಕೈ ಅದು.

ಹಂಗಾಗಿ ಈ ಹಿಂಡೋ ವಿಷ್ಯನೇ ಮೊದ್ಲು ಹೇಳ್ತೀನಿ. ಬ್ಯಾಗಿಗೆ ತುಂಬೋ ಮುಂಚೆ ಒಂದು ಹಿಡಿ ಹುಲ್ಲು ತಗೊಂಡು ಬಲವಾಗಿ ಹಿಂಡಿ, ಒಂದು ಹನಿನೂ ಬೀಳಬಾರ್ದು, ಆದ್ರೆ ಕೈ ಬಿಚ್ಚಿ ನೋಡಿದ್ರೆ ಅಂಗೈ ಒದ್ದೆಯಾಗಿ ಮಿಂಚ್ತಾ ಇರ್ಬೇಕು. ಅಂಗೈ ಒಣಗಿದ್ರೆ ಬೀಜ ಹಿಡಿಯಲ್ಲ, ಹನಿ ಬಿದ್ರೆ ಕೊಳೆಯುತ್ತೆ. ಲೆಕ್ಕದಲ್ಲಿ ಹೇಳ್ಬೇಕಂದ್ರೆ ನೂರಕ್ಕೆ 65 ಪಾಲು ತೇವ. ನೀರು ಜಾಸ್ತಿ ನಿಂತ್ರೆ ಹುಲ್ಲಿನ ಸಂದೀಲಿ ಗಾಳಿಗೆ ಜಾಗ ಇರಲ್ಲ, ಅಣಬೆ ಬಳ್ಳಿಗೂ, ಅಂದ್ರೆ ಹುಲ್ಲೊಳಗೆ ಹಬ್ಬೋ ಬಿಳಿ ಎಳೆಗೂ, ನಮ್ಮಂಗೇ ಉಸಿರಾಡೋಕೆ ಗಾಳಿ ಬೇಕು.

ಈಗ ಮೊದಲಿಂದ. ಒಂದು ಕೆಜಿ ಒಣ ಹುಲ್ಲು ಸಾಕು, ಎರಡು ಬ್ಯಾಗ್ ಆಗುತ್ತೆ. ಈ ವರ್ಷದ ಕೊಯ್ಲಿಂದು, ಚಿನ್ನದ ಬಣ್ಣ ಇರೋದು, ಮಳೇಲಿ ನೆನೆದಿರಬಾರ್ದು. ಮಿಷಿನ್ ಕೊಯ್ಲಿನ ಹುಲ್ಲಾದ್ರೂ ಪರ್ವಾಗಿಲ್ಲ, ಕೆಸರು ಮೆತ್ತಿರಬಾರ್ದು ಅಷ್ಟೇ. ಎರಡಿಂಚಿಗೆ ಕತ್ತರಿಸಿ, ಹಳೇ ದಿಂಬಿನ ಕವರಿಗೆ ತುಂಬಿ, ಮೇಲೊಂದು ಕಲ್ಲು ಹೇರಿ ರಾತ್ರಿಯೆಲ್ಲ ನೀರಲ್ಲಿ ನೆನೆಸಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹಂಡೇಲಿ 80 ಡಿಗ್ರಿ ಬಿಸಿ ನೀರಲ್ಲಿ ಒಂದು ಗಂಟೆ ಮುಳುಗಿಸಿಡಿ, ಹುಲ್ಲಲ್ಲಿರೋ ಬೇರೆ ಬೂಸ್ಟಿನ ಬೀಜ ಮುಕ್ಕಾಲುಪಾಲು ಸಾಯುತ್ತೆ. ಬಿಸಿನೀರಿನ ಬದಲು ಕಾರ್ಬೆಂಡಜಿಮ್, ಫಾರ್ಮಲಿನ್ ಅಂತ ಬೂಸ್ಟು ಕೊಲ್ಲೋ ಕೆಮಿಕಲ್ ಹಾಕಿ ನೆನೆಸೋರೂ ಇದಾರೆ, ದೊಡ್ಡ ಮಟ್ಟದಲ್ಲಿ ಮಾಡೋರಿಗೆ ಗ್ಯಾಸ್ ಉಳಿಯುತ್ತೆ, ನಿಜ. ಮಕ್ಕಳಿರೋ ಮನೇಲಿ, ನಾವೇ ತಿನ್ನೋ ಪದಾರ್ಥಕ್ಕೆ ಅದು ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಆಮೇಲೆ ಬಸಿದು, ಟೆರೇಸ್ ಮೇಲೆ ನೆರಳಲ್ಲಿ ಒಗೆದ ಪಂಚೆ ಹಾಸಿ ಹರಡಿ, ಅರ್ಧ ಗಂಟೆಗೊಂದ್ಸಲ ಹಿಂಡಿ ನೋಡ್ತಾ ಇರಿ. ಪೂರ್ತಿ ತಣ್ಣಗಾಗ್ಲೇಬೇಕು, ಬಿಸಿ ಇದ್ರೆ ಬೀಜ ಸತ್ತೋಗುತ್ತೆ.

ಬೀಜ ಅಂದ್ರೆ ಸ್ಪಾನ್. ಬೇಯಿಸಿದ ಜೋಳದ ಕಾಳಿನ ಮೇಲೆ ಅಣಬೆ ಬಳ್ಳಿ ಬೆಳೆಸಿರ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೇಲಿ ಮಾರ್ತಾರೆ, ಫೋನ್ ಮಾಡಿ ಬುಕ್ ಮಾಡ್ಕೊಂಡೇ ಹೋಗಿ. ಎಲ್ಲೇ ತಗೊಳ್ಳಿ, ಪ್ಯಾಕೆಟ್ ಬೆಳಕಿಗೆ ಹಿಡಿದು ನೋಡಿ, ಕಾಳೆಲ್ಲ ಬೆಳ್ಳಗೆ ಹತ್ತಿ ಸುತ್ತಿದಂಗೆ ಇರ್ಬೇಕು, ಒಂದೇ ಒಂದು ಹಸಿರು ಇಲ್ಲ ಕಪ್ಪು ಚುಕ್ಕೆ ಕಂಡ್ರೂ ಬೇಡ. ಒಂದು ಕೆಜಿ ಒಣ ಹುಲ್ಲಿಗೆ 100 ಗ್ರಾಂ ಲೆಕ್ಕ.

ತುಂಬೋವಾಗ ಫ್ಯಾನ್ ಆಫ್ ಮಾಡಿ, ಕೈ ಸೋಪಲ್ಲಿ ತೊಳ್ಕೊಳ್ಳಿ. 12ಕ್ಕೆ 18 ಇಂಚಿನ ಪ್ಲಾಸ್ಟಿಕ್ ಕವರಲ್ಲಿ ಮೂರಿಂಚು ಹುಲ್ಲು ಒತ್ತಿ ಹಾಕಿ, ಅಂಚಿನ ಸುತ್ತ ಬೀಜ ಉದುರಿಸಿ, ಮತ್ತೆ ಹುಲ್ಲು ಮತ್ತೆ ಬೀಜ, ನಾಲ್ಕೈದು ಪದರ ಆದ್ಮೇಲೆ ಬಾಯಿ ಬಿಗಿಯಾಗಿ ಕಟ್ಟಿ, ಬಿಸಿ ಮಾಡಿದ ಸೂಜೀಲಿ ಹತ್ತು ಹನ್ನೆರಡು ತೂತು. ಕತ್ತಲೆ ಜಾಗದಲ್ಲಿಟ್ಟು 15ರಿಂದ 20 ದಿನ ಸುಮ್ನೆ ಬಿಡ್ಬೇಕು. ಈ ದಿನಗಳಲ್ಲಿ ಒಂದು ತೊಟ್ಟು ನೀರೂ ಬೇಡ, ಬಿಚ್ಚಿ ನೋಡೋದಂತೂ ಬೇಡವೇ ಬೇಡ. ನಾಲ್ಕನೇ ದಿನಕ್ಕೆ ಪ್ರತಿ ಜೋಳದ ಸುತ್ತ ಬಿಳಿ ಎಳೆ ಬಿಟ್ಕೊಂಡು ಹುಲ್ಲಿಗೆ ಹತ್ಕೊಳುತ್ತೆ, ಹದಿನೆಂಟನೇ ದಿನಕ್ಕೆ ಬ್ಯಾಗೆಲ್ಲ ಬೆಳ್ಳಗಾಗಿ, ತಟ್ಟಿದ್ರೆ ದಿಂಡು ತರ ಗಟ್ಟಿ.

ಆಗ ಬ್ಲೇಡಲ್ಲಿ ಅಲ್ಲಲ್ಲಿ ಸೀಳಿ ನೇತಾಕಿ. ಪೇಪರ್ ಓದೋಷ್ಟು ಬೆಳಕು, ಗಾಳಿ, ಸುತ್ತ ಒದ್ದೆ ಗೋಣಿಚೀಲ. ದಿನಕ್ಕೆ ಎರಡ್ಮೂರು ಸಲ ಗೋಣಿಗೆ, ನೆಲಕ್ಕೆ ನೀರು ಚಿಮುಕಿಸಿ. ಕಾಂಡ ಉದ್ದ ಬಂದು ಮೇಲೆ ಕೊಡೆ ಚಿಕ್ಕದಾದ್ರೆ ಗಾಳಿ ಸಾಲ್ತಿಲ್ಲ ಅಂತರ್ಥ, ಕಿಟಕಿ ತೆಗೀರಿ.

ನಮ್ಮನೇಲಿ ಸೀಳಿದ ಐದನೇ ದಿನ ಬೆಳಿಗ್ಗೆ ಹಾಲು ತಗೊಳೋಕೆ ಎದ್ದಾಗ ನೋಡಿದ್ದು, ಸೀಳಿನ ಅಂಚಲ್ಲಿ ಸಾಸಿವೆ ಕಾಳಿನಷ್ಟು ಬೂದಿ ಬಣ್ಣದ ತಲೆಗಳು, ಒತ್ತೊತ್ತಾಗಿ ಇಪ್ಪತ್ತು ಮೂವತ್ತು. ಸಂಜೆ ಹೊತ್ತಿಗೆ ಮೆಣಸಿನ ಕಾಳು, ಮಾರನೇ ದಿನ ಅಂಗಿ ಗುಂಡಿ, ಮೂರನೇ ದಿನಕ್ಕೆ ಒಂದೊಂದೂ ಅಂಗೈ ಅಗಲ. ಹಾಲಿನ ಪಾತ್ರೆ ಕೈಯಲ್ಲಿ ಹಿಡ್ಕೊಂಡೇ ಎಷ್ಟೊತ್ತು ನಿಂತಿದ್ನೋ ಗೊತ್ತಿಲ್ಲ, ನಾಲ್ಕು ಬ್ಯಾಗ್ ಬಿಸಾಕಿದ ನೋವೆಲ್ಲ ಅವತ್ತೇ ಹೋಯ್ತು.

ಕೀಳೋದು ಅಂಚು ಇನ್ನೂ ಕೆಳಕ್ಕೆ ಬಾಗಿರೋವಾಗಲೇ. ಅಂಚು ಮೇಲಕ್ಕೆ ಮಡಚ್ಕೊಂಡ್ರೆ ಬಲಿತು ಬಿಳಿ ಪುಡಿ ಉದುರಿಸುತ್ತೆ, ಆ ಪುಡಿ ಉಸಿರಲ್ಲಿ ಹೋದ್ರೆ ಕೆಮ್ಮು ಬರುತ್ತೆ, ಅದಕ್ಕೇ ಮಲಗೋ ರೂಮಲ್ಲಿ ಬ್ಯಾಗ್ ಇಡ್ಬೇಡಿ, ಆಸ್ತಮಾ ಇರೋರ ಮನೇಲಂತೂ ಹುಷಾರು. ಕೀಳೋ ದಿನ ಬೆಳಿಗ್ಗೆ ನೀರು ಚಿಮುಕಿಸ್ಬೇಡಿ, ಚಾಕು ಬೇಡ, ಇಡೀ ಗೊಂಚಲು ಹಿಡಿದು ತಿರುಚಿ. ವಾರ ಹತ್ತು ದಿನಕ್ಕೆ ಮತ್ತೆ ಬರುತ್ತೆ, ಆಮೇಲೆ ಇನ್ನೊಂದ್ಸಲ. ನನಗೆ ಒಂದು ಕೆಜಿ ಹುಲ್ಲಿಗೆ ಮೂರೂ ಕೊಯ್ಲು ಸೇರಿ 600 ಗ್ರಾಂ ಸಿಕ್ತು. ಉಳಿದ ಹುಲ್ಲು ಕರಿಬೇವಿನ ಕುಂಡಕ್ಕೆ ಗೊಬ್ಬರ.

ಮೊದಲ ಗೊಂಚಲನ್ನ ದೊಡ್ಡವ್ವ ಹೇಳಿದಂಗೆ ಸಾರು ಮಾಡಿ ಮುದ್ದೆ ಜೊತೆ ತಿಂದ್ವಿ, ಹುತ್ತದ ಅಣಬೆ ಘಮ ಇದಕ್ಕಿಲ್ಲ, ಆದ್ರೂ ಸಾರು ಖಾಲಿಯಾಯ್ತು. ಮೊನ್ನೆ ನಮ್ಮೋರು ಊರಿಗೆ ಹೋಗುವಾಗ ಬೆಳ್ಳಗಾಗಿದ್ದ ಒಂದು ಬ್ಯಾಗ್ ಕೊಟ್ಟು ಕಳ್ಸಿದ್ದೆ. ನೆನ್ನೆ ದೊಡ್ಡವ್ವ ಫೋನ್ ಮಾಡಿ, "ಸಾಸಿವೆ ತರ ಎದ್ದವೆ ಕಣವ್ವ, ಇವಕ್ಕೆ ನೇರವಾಗಿ ನೀರು ಹಾಕ್ಲಾ" ಅಂದ್ರು. ಬೇಡ ದೊಡ್ಡವ್ವ, ಗೋಣಿಗೆ ಮಾತ್ರ ಚಿಮುಕಿಸಿ ಅಂದೆ.