ಪಿಕ್ಚರ್ ಟ್ಯೂಬ್ ಕಿತ್ತು ಎಲ್‌ಇಡಿ ಹಾಕಿದ್ರೆ ಆಯ್ತಲ್ಲ?

ನಮ್ಮನೆ ಜಗಲಿಯಲ್ಲಿರುವ, ಕಾಯಿನ್ ಹಾಕಿ ಆಡುತ್ತಿದ್ದಂಥ ಹಳೇ ವಿಡಿಯೋ ಗೇಮ್ ಪೆಟ್ಟಿಗೆ ನೋಡಿದವರೆಲ್ಲ ಕೇಳುವುದು ಇದನ್ನೇ. ಹೊರಲಾರದ ಆ ಪಿಕ್ಚರ್ ಟ್ಯೂಬ್ ಕಿತ್ತು, ಒಂದು ಎಲ್‌ಇಡಿ ಟಿವಿ, ಸಣ್ಣ ಕಂಪ್ಯೂಟರ್ ಕೂರಿಸಿದ್ರೆ ಮುಗೀತಲ್ಲ, ಯಾಕೆ ಇಷ್ಟು ಒದ್ದಾಟ?

ಮುಗಿಯುತ್ತೆ. ಆಮೇಲೆ ಉಳಿಯೋದು ಬರೀ ಹಲಗೆ. ಹಲಗೆ ಮೇಲೆ ನನಗೇನೂ ಮೋಹ ಇಲ್ಲ. ಕಾರವಾರದ ಮಳೆಗಾಲದಲ್ಲಿ ಹಳೇ ಪೆಟ್ಟಿಗೆಯ ಪಾರ್ಟಿಕಲ್ ಬೋರ್ಡ್ (ಮರದ ಪುಡಿ ಅಂಟಿಸಿ ಮಾಡಿದ ಹಲಗೆ) ತಳದಿಂದ ನೀರು ಹೀರಿ ಉಬ್ಬಿ ಪುಡಿಯಾಗುತ್ತದೆ. ಅದನ್ನೇ ಉಳಿಸ್ತೀನಿ ಅನ್ನೋದು ಸುಮ್ನೆ ಹಠ. ತಳ, ಪಕ್ಕದ ಹಲಗೆ ಎಲ್ಲ ನೀರು ತಡೆಯುವ ಐಎಸ್ 710 ಮರೈನ್ ಪ್ಲೈನಲ್ಲಿ ಹೊಸದಾಗಿ ಮಾಡಿಸಿದೆ. ಹಲಗೆ ನಾಳೆಯೂ ಸಿಗುತ್ತದೆ, ಟ್ಯೂಬ್ ಸಿಗಲ್ಲ.

ಮತ್ತೆ, ಆಟದ ಚಿತ್ರ ಬರೆದದ್ದೇ ಟ್ಯೂಬಿಗಾಗಿ. ಹುಡುಗರೆಲ್ಲ 'ಮುಸ್ತಫಾ' ಅಂತಿದ್ದ ಆಟ ನೆನಪಿದೆಯಾ? ಅದು 1993ರ ಕ್ಯಾಪ್‌ಕಾಮ್ ಆಟ, ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್. (ಆ ಹೆಸರು ಹೇಳಿದ್ರೆ ಇಲ್ಲಿ ಯಾರಿಗೂ ಗೊತ್ತಾಗಲ್ಲ.) ಅದರ ಚಿತ್ರ ಅಡ್ಡಕ್ಕೆ 384 ಚುಕ್ಕಿ, ಎತ್ತರಕ್ಕೆ 224. ಟ್ಯೂಬಿನ ಅಳತೆ 4:3, ಹಾಗಾಗಿ ಅಲ್ಲಿ ಚುಕ್ಕಿಗಳು ಒತ್ತಿಕೊಂಡು ಕೂರುತ್ತವೆ. ಎಲ್‌ಇಡಿಗೆ ಅದನ್ನೇ ಚುಕ್ಕಿಗೆ ಚುಕ್ಕಿ ಹಾಕಿದರೆ ಆಟದೊಳಗಿನ ಮುಸ್ತಫಾ ಡುಮ್ಮ ಆಗ್ತಾನೆ. ಅಳತೆಯನ್ನು ಸೆಟ್ಟಿಂಗ್‌ನಲ್ಲಿ ಸರಿ ಮಾಡಬಹುದು ಅನ್ನಿ. ಆದರೆ ಗೆರೆಗಳ ನಡುವಿನ ಆ ಸಣ್ಣ ಕಪ್ಪು ಎಳೆ, ಪಕ್ಕಪಕ್ಕದ ಬಣ್ಣ ಒಂದರೊಳಗೊಂದು ಬೆರೆಯೋದು, ಗುಂಡಿ ಒತ್ತಿದ ಕ್ಷಣವೇ ಏಟು ಬೀಳೋದು, ಇವೆಲ್ಲ ಟ್ಯೂಬಲ್ಲಿ ತಾನಾಗಿಯೇ ಬರುತ್ತವೆ.

ರಿಪೇರಿಯೂ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಟ್ಯೂಬಿನ ಹಿಂದಿನ ಬೋರ್ಡಲ್ಲಿ ಒಣಗಿದ ಕೆಪಾಸಿಟರ್ ಬದಲಿಸಬೇಕು, ಬೆಸುಗೆ ಬಿರುಕು ಬಿಟ್ಟು ಸಡಿಲಾದಲ್ಲಿ (ಡ್ರೈ ಸೋಲ್ಡರ್) ಮತ್ತೆ ಬೆಸುಗೆ ಹಾಕಬೇಕು. ಆಟ ತುಂಬಿರುವ ಸರ್ಕ್ಯೂಟ್, ಅಂದರೆ ಗೇಮ್ ಬೋರ್ಡಿನ ಅಂಚಿನ ತಾಮ್ರದ ಪಟ್ಟಿಗಳು ಉಪ್ಪುಗಾಳಿಗೆ ಹಸಿರು ಕಟ್ಟಿರುತ್ತವೆ. ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಪಿರಿಟ್ ಹಚ್ಚಿ ಒರೆಸಿದರೆ ಹೊಳಪು ಬರುತ್ತದೆ. ಎಷ್ಟೋ ಸಲ 'ಸತ್ತ' ಬೋರ್ಡ್ ಅಷ್ಟಕ್ಕೇ ಎದ್ದು ಕೂರುತ್ತದೆ.

ಹೆದರಬೇಕಾದ್ದು ಒಂದಕ್ಕೇ. ಕಲರ್ ಟ್ಯೂಬಿಗೆ, ಅದರ ಮೇಲಿನ ರಬ್ಬರ್ ಟೊಪ್ಪಿ ಕೆಳಗಿಂದ ಹೋಗೋದು ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸು, ಪ್ಲಗ್ ಕಿತ್ತ ಮೇಲೂ ಅದು ಒಳಗೆ ನಿಂತಿರಬಹುದು. ಹಳೇ ಟಿವಿ ರಿಪೇರಿ ಮಾಡುತ್ತಿದ್ದವರನ್ನು ಹುಡುಕಿ ಕರೆಸಿ. ನನಗೆ ಸಿಕ್ಕವರು "ಆ ರಬ್ಬರ್ ಟೊಪ್ಪಿ ಮುಟ್ಟಬೇಡ ತಮಾ" ಅಂತ ಮೊದಲು ನನ್ನನ್ನು ದೂರ ನಿಲ್ಲಿಸಿದರು, ಆಮೇಲೆ ಸ್ಕ್ರೂಡ್ರೈವರ್ ತೆಗೆದರು. ಮಳೆಗಾಲದಲ್ಲಿ ಆಗಾಗ ಸ್ವಲ್ಪ ಹೊತ್ತು ಆನ್ ಮಾಡಿಡಿ, ತೇವ ಆರುತ್ತದೆ.

ಟ್ಯೂಬ್ ನಿಜವಾಗಿ ಹೋಗಿದ್ದರೆ ಎಲ್‌ಇಡಿ ಹಾಕಿ, ಬೈಯಲ್ಲ. ಆದರೆ ಜಾಮಾ ವೈರಿಂಗ್ (ಗೇಮ್ ಬೋರ್ಡನ್ನು ಪೆಟ್ಟಿಗೆಗೆ ಜೋಡಿಸುವ, ಎಲ್ಲೆಡೆ ಒಂದೇ ಮಾದರಿಯ ತಂತಿ ಜೋಡಣೆ) ಮಾತ್ರ ಕತ್ತರಿಸಬೇಡಿ. ಆ 56 ಪಿನ್ನಿನ ಕನೆಕ್ಟರ್ ಇದ್ದರೆ ಎಲ್ಲಿಂದಲೋ ಹಳೇ ಜಾಮಾ ಬೋರ್ಡ್ ಸಿಕ್ಕ ದಿನ ನೇರ ಸಿಕ್ಕಿಸಬಹುದು.